ಅಡಿಕೆ ತೋಟದ ಮನೆ ಪಾಲಾಗುವಾಗ: ಮುಂದೆ ಕೋರ್ಟು ಹತ್ತದ ವಿಭಾಗ ಪತ್ರ ಮಾಡಿಕೊಳ್ಳುವ ಕ್ರಮ

ಮಲೆನಾಡಿನಲ್ಲಿ ಪಾಲಾದ ಮನೆಗಳು ಮತ್ತೆ ಜಗಳಕ್ಕೆ ಬೀಳುವುದು ಎಕರೆ-ಗುಂಟೆಯ ಲೆಕ್ಕ ತಪ್ಪಿದ್ದಕ್ಕಿಂತ ಹೆಚ್ಚಾಗಿ, ಪತ್ರದಲ್ಲಿ ಬರೆಯದೇ ಬಿಟ್ಟ ವಿಷಯಗಳಿಂದ. ಮೇಲಿನ ತೋಟದ ಬಸಿನೀರು ಎಲ್ಲಿಗೆ ಹೋಗಬೇಕು? ಗೊಬ್ಬರದ ಪಿಕಪ್ ಯಾರ ಅಂಗಳ ದಾಟಿ ಬರಬೇಕು? ಅಮ್ಮನ ಖರ್ಚು ಯಾರದು? ಮದುವೆಯಾಗಿ ಹೋದ ತಂಗಿಯನ್ನು ಕೇಳಿದ್ದರೋ ಇಲ್ಲವೋ? ಪಾಲು ಮಾಡುವ ದಿನ ಇವೆಲ್ಲ ‘ನಮ್ಮ ನಮ್ಮೊಳಗೆ ಆಯ್ತದೆ ಬಿಡಿ’ ಎಂಬ ಮಾತಲ್ಲಿ ಮುಗಿದಿರುತ್ತವೆ. ಅಣ್ಣ-ತಮ್ಮ ಇರುವವರೆಗೆ ಆಗುತ್ತದೆ ಕೂಡ. ಅವರ ಮಕ್ಕಳ ಕಾಲಕ್ಕೆ ಆಗುವುದಿಲ್ಲ.

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರ, ಸೊರಬದ ಕಡೆಯ ತೋಟದ ಮನೆಗಳನ್ನು ಮನಸ್ಸಲ್ಲಿಟ್ಟುಕೊಂಡು ಬರೆದ ಕ್ರಮವಿದು. ಹಕ್ಕಿನ ಲೆಕ್ಕ ಹಿಂದೂ ಉತ್ತರಾಧಿಕಾರ ಕಾಯ್ದೆಯದ್ದು. ಮುಸ್ಲಿಂ, ಕ್ರೈಸ್ತ ಕುಟುಂಬಗಳಲ್ಲಿ ಪಾಲಿನ ಪ್ರಮಾಣ ಬೇರೆ, ಆದರೆ ನೀರು, ದಾರಿ, ಸಾಲ, ನೋಂದಣಿಯ ಭಾಗ ಎಲ್ಲರಿಗೂ ಒಂದೇ.

ಯಾವಾಗ ಕೂರಬೇಕು

ಕೊನೆ ಕೊಯ್ಲು ಮುಗಿದು ಅಡಿಕೆ ಮಂಡಿ ಸೇರಿದ ಮೇಲೆ, ಶಿವರಾತ್ರಿಯಿಂದ ಮೇ ತಿಂಗಳೊಳಗೆ. ಆಗ ಬೇಲಿ, ಅಗಳು (ಗಡಿಯ ಕಂದಕ), ಗಡಿಕಲ್ಲು ಕಣ್ಣಿಗೆ ಕಾಣುತ್ತವೆ, ಭೂಮಾಪಕರೂ ತೋಟಕ್ಕೆ ಇಳಿಯಬಹುದು. ಆದರೆ ಪತ್ರ ಅಂತಿಮವಾಗುವ ಮುಂಚೆ ಹಿಂದಿನ ಮಳೆಗಾಲದಲ್ಲಿ ನೀರು ಎಲ್ಲಿ ಹರಿದಿತ್ತು, ಎಲ್ಲಿ ನಿಂತಿತ್ತು ಎಂದು ಎಲ್ಲರೂ ಒಟ್ಟಿಗೆ ನಡೆದು ಗುರುತು ಮಾಡಿಕೊಳ್ಳಿ. ಏಪ್ರಿಲ್‌ನಲ್ಲಿ ಒಣಗಿದ ಕಾಲುವೆ ನೋಡಿ ‘ಇದೇನು ಬೇಕಿಲ್ಲ’ ಎಂದವರು ಜುಲೈಯಲ್ಲಿ ಪಿಕಾಸಿ ಹಿಡಿದು ನಿಂತಿರುತ್ತಾರೆ.

ಮೊದಲು ಜನರ ಪಟ್ಟಿ, ಆಮೇಲೆ ಜಮೀನಿನ ಪಟ್ಟಿ

ನಾಡಕಚೇರಿಯಿಂದ ವಂಶವೃಕ್ಷ ತೆಗೆಸಿ. ತೀರಿಕೊಂಡವರ ಮರಣ ಪ್ರಮಾಣಪತ್ರ ಜೋಡಿಸಿ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳನ್ನು, ತೀರಿಹೋದ ಮಗನ ಹೆಂಡತಿ-ಮಕ್ಕಳನ್ನು, ತೀರಿಹೋದ ಮಗಳ ಮಕ್ಕಳನ್ನು ಬಿಟ್ಟಿದ್ದರೆ ಅಲ್ಲಿಗೇ ನಿಲ್ಲಿ. ಹಕ್ಕಿರುವ ಒಬ್ಬರು ಹೊರಗುಳಿದರೂ ಇಡೀ ಪಾಲನ್ನು ಬಿಚ್ಚಿಸುವ ದಾವೆಗೆ ದಾರಿಯಾಗುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಕಾನೂನು ಈಗ ಸ್ಪಷ್ಟ. 2005ರ ಸೆಪ್ಟೆಂಬರ್ 9ರಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಆ ದಿನ ತಂದೆ ಬದುಕಿರಬೇಕೆಂಬ ಷರತ್ತು ಇಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಮದುವೆ ಆಗಿದೆ, ಚಿನ್ನ ಹಾಕಿ ಕಳಿಸಿದ್ದೇವೆ ಎಂಬುದು ಹಕ್ಕನ್ನು ಅಳಿಸುವುದಿಲ್ಲ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ಪಾಲಾಗಿದ್ದರೆ ಅದಕ್ಕೆ ಧಕ್ಕೆಯಿಲ್ಲ. ಆದರೆ ‘1998ರಲ್ಲೇ ಬಾಯಿಮಾತಲ್ಲಿ ಪಾಲಾಗಿದೆ’ ಎಂಬ ವಾದ ಸಲೀಸಾಗಿ ನಿಲ್ಲುವುದಿಲ್ಲ. ಪಹಣಿ, ಖಾತೆ, ಬೇರೆ ಬೇರೆ ಸಾಲದ ದಾಖಲೆಗಳಂಥ ಸಾರ್ವಜನಿಕ ಪುರಾವೆ ಬೇಕು.

ತಂಗಿ ‘ನನಗೇನೂ ಬೇಡ’ ಎಂದರೆ? ಬಹಳ ಸಲ ಮನಸ್ಸಿಂದಲೇ ಹೇಳಿರುತ್ತಾರೆ. ಆದರೂ ಬಿಳಿ ಹಾಳೆಯ ಸಹಿ, ನೋಟರಿ ಮಾಡಿಸಿದ ಅಫಿಡವಿಟ್ ಸಾಲದು. ಸ್ಥಿರಾಸ್ತಿಯ ಹಕ್ಕು ಬಿಡುಗಡೆ ಪತ್ರ ನೋಂದಣಿ ಆಗಲೇಬೇಕು. ಇದಕ್ಕಿಂತ ಗಟ್ಟಿಯಾದದ್ದು, ಅವರನ್ನೂ ವಿಭಾಗ ಪತ್ರದಲ್ಲಿಯೇ ಪಕ್ಷಕಾರರಾಗಿ ಸೇರಿಸಿ, ಅವರ ಪಾಲಿಗೆ ಇಷ್ಟು ಹಣ ಅಥವಾ ಇಷ್ಟು ಜಮೀನು ಎಂದು ಬರೆದು, ಹಣ ಬ್ಯಾಂಕ್ ಖಾತೆಯ ಮೂಲಕ ಕೊಟ್ಟು, ಆ ವಿವರ ನಮೂದಿಸುವುದು. ಏನೂ ಪಡೆಯದೆ ಬಿಟ್ಟುಕೊಟ್ಟ ಹಕ್ಕಿನ ಮೇಲೆ ‘ಮೋಸದಿಂದ ಸಹಿ ಹಾಕಿಸಿದರು’ ಎಂಬ ದಾವೆ ಸುಲಭ. ಪತ್ರದ ಕರಡನ್ನು ಅವರಿಗೆ ಒಂದು ವಾರ ಮುಂಚೆ ಕೊಟ್ಟು, ಬೇಕಾದರೆ ಅವರದೇ ವಕೀಲರಿಗೆ ತೋರಿಸಲು ಬಿಡಿ. ಸಬ್‌ರಿಜಿಸ್ಟ್ರಾರ್ ಕಚೇರಿಯ ಬಾಗಿಲಲ್ಲಿ ಮೊದಲ ಸಲ ಓದಿಸಿದ ಪತ್ರಕ್ಕೆ ಆಯುಷ್ಯ ಕಡಿಮೆ.

ಒಂದು ಎಚ್ಚರ: ತಂದೆ ಬದುಕಿದ್ದಾಗ, ಅವರ ಸ್ವಯಾರ್ಜಿತದ ಮೇಲೆ ‘ಮುಂದೆ ಬರುವ ಹಕ್ಕು ಬಿಟ್ಟಿದ್ದೇನೆ’ ಎಂದು ಮಕ್ಕಳಿಂದ ಬರೆಸಿಕೊಳ್ಳುವ ರೂಢಿ ಇದೆ. ಇನ್ನೂ ಹುಟ್ಟದ ಹಕ್ಕನ್ನು ವರ್ಗಾಯಿಸಲು ಬರುವುದಿಲ್ಲ (1882ರ ಸ್ವತ್ತು ವರ್ಗಾವಣೆ ಕಾಯ್ದೆ, ಕಲಂ 6). ಅಂಥ ಸಂದರ್ಭದಲ್ಲಿ ತಂದೆಯೇ ವಿಲ್ ಬರೆಯುವುದು ಸರಿಯಾದ ದಾರಿ.

ಅಪ್ರಾಪ್ತ ಮಕ್ಕಳಿದ್ದರೆ ಅವರ ಪಾಲು ಸಮನಾಗಿದೆ ಎಂದು ತೋರಿಸುವ ಲೆಕ್ಕದ ಹಾಳೆಯನ್ನು ಪತ್ರಕ್ಕೆ ಲಗತ್ತಿಸಿ. ಅನ್ಯಾಯದ ಪಾಲನ್ನು ಅವರು ವಯಸ್ಕರಾದ ಮೇಲೆ ಮತ್ತೆ ತೆರೆಸಬಹುದು.

ಆಸ್ತಿಯನ್ನು ಬೇರ್ಪಡಿಸಿ ಬರೆಯಿರಿ

ಎಲ್ಲವನ್ನೂ ‘ನಮ್ಮ ಮನೆ ಆಸ್ತಿ’ ಎಂದು ಒಂದೇ ರಾಶಿ ಹಾಕಬೇಡಿ. ಪ್ರತಿ ಸರ್ವೆ ನಂಬರಿನ ಮುಂದೆ ಅದು ಹೇಗೆ ಬಂತು ಎಂದು ಬರೆಯಿರಿ. ಪಹಣಿಯ 10ನೇ ಕಾಲಂ ನೋಡಿದರೆ ಸುಳಿವು ಸಿಗುತ್ತದೆ.

ಅಜ್ಜನಿಂದ ಬಂದದ್ದು ಒಂದು. ತಂದೆ ಕೊಂಡದ್ದು ಇನ್ನೊಂದು: ವಿಲ್ ಇಲ್ಲದೆ ಅವರು ತೀರಿಕೊಂಡಿದ್ದರೆ ಹೆಂಡತಿ, ಮಕ್ಕಳು ಮತ್ತು ಬದುಕಿದ್ದರೆ ಅಜ್ಜಿಗೆ (ತಂದೆಯ ತಾಯಿಗೆ) ಸಮಪಾಲು, ಅಂದರೆ ಅಜ್ಜಿ ಇಲ್ಲದೆ ತಾಯಿ, ಇಬ್ಬರು ಗಂಡು, ಒಬ್ಬ ಹೆಣ್ಣುಮಗಳಿದ್ದರೆ ತಲಾ ನಾಲ್ಕನೇ ಒಂದು. ಪಿತ್ರಾರ್ಜಿತದ ಭಿನ್ನರಾಶಿ ಇಷ್ಟು ಸರಳವಲ್ಲ, ಯಾರು ಯಾವ ವರ್ಷ ತೀರಿಕೊಂಡರು ಎಂಬುದರ ಮೇಲೆ ಬದಲಾಗುತ್ತದೆ. ವಕೀಲರಿಂದ ಆ ಲೆಕ್ಕ ಬರೆಸಿಕೊಂಡೇ ಮುಂದೆ ಹೋಗಿ. ಕಾನೂನಿನ ಪ್ರಕಾರ ಎಷ್ಟು ಬರಬೇಕು ಎಂದು ಗೊತ್ತಿದ್ದು ಕಡಿಮೆಗೆ ಒಪ್ಪಿದ ಸಹಿಗೂ, ಗೊತ್ತಿಲ್ಲದೆ ಹಾಕಿದ ಸಹಿಗೂ ಬಹಳ ವ್ಯತ್ಯಾಸ.

ಗೇಣಿಯಿಂದ ಭೂ ನ್ಯಾಯಮಂಡಳಿ ಮೂಲಕ ಬಂದ ಜಮೀನು ನಮ್ಮ ಕಡೆ ಬಹಳ. ಆದೇಶ ತಂದೆಯ ಹೆಸರಲ್ಲಿದ್ದರೂ ಅವರು ಕುಟುಂಬದ ಪರವಾಗಿ ಅರ್ಜಿ ಹಾಕಿದ್ದರೋ, ಸ್ವಂತಕ್ಕೋ ಎಂಬುದೇ ಮುಂದೆ ವ್ಯಾಜ್ಯದ ಬೇರು. ನಮೂನೆ 7ರ (ಗೇಣಿದಾರರು ಹಕ್ಕಿಗಾಗಿ ಹಾಕಿದ ಅರ್ಜಿ) ಪ್ರತಿ ತೆಗೆಸಿ ಓದಿ, ಏನೆಂದು ಒಪ್ಪಿಕೊಂಡಿದ್ದೀರಿ ಎಂದು ಪತ್ರದಲ್ಲೇ ಹೇಳಿ.

ಇನ್ನು ಕಾಗದ ಗಟ್ಟಿಯಿಲ್ಲದ ಜಾಗ: ಬಗರ್‌ಹುಕುಂ (ಸರ್ಕಾರಿ ಜಮೀನಿನ ಅನಧಿಕೃತ) ಸಾಗುವಳಿ, ಅದನ್ನು ಸಕ್ರಮ ಮಾಡಲು ಹಾಕಿ ಮಂಜೂರಾತಿಗೆ ಕಾದಿರುವ ನಮೂನೆ 57ರ ಅರ್ಜಿ, ಶರಾವತಿ ಮುಳುಗಡೆ ಸಂತ್ರಸ್ತರಿಗೆ ಕೊಟ್ಟು ದಾಖಲೆ ಇತ್ಯರ್ಥವಾಗದ ಭೂಮಿ. ಇವನ್ನು ಒಬ್ಬರ ಪಾಲಿಗೆ ಪೂರ್ತಿ ಹಾಕಿ ‘ನಿನಗೆ ಮೂರು ಎಕರೆ ಬಂತಲ್ಲ’ ಎನ್ನುವುದು ಸರಿಯಲ್ಲ. ನಾಳೆ ತೆರವಿನ ನೋಟಿಸ್ ಬಂದರೆ ಆ ಒಬ್ಬರ ಪಾಲು ಸೊನ್ನೆ. ಬೇರೆ ಷೆಡ್ಯೂಲ್ (ಪತ್ರದೊಳಗಿನ ಆಸ್ತಿ ಪಟ್ಟಿ) ಮಾಡಿ, ಮಂಜೂರಾದರೆ ಹೇಗೆ ಹಂಚಿಕೆ, ಕೈತಪ್ಪಿದರೆ ಯಾರಿಗೂ ಪರಿಹಾರವಿಲ್ಲ ಅಥವಾ ಇಷ್ಟು ಪರಿಹಾರ ಎಂದು ಬರೆಯಿರಿ.

ಸೊಪ್ಪಿನ ಬೆಟ್ಟವೂ ಹಾಗೇ. ಅದು ತೋಟಕ್ಕೆ ಅಂಟಿಕೊಂಡ ಸೌಲಭ್ಯ, ನಿಮ್ಮ ಮಾಲೀಕತ್ವದ ಜಮೀನಲ್ಲ. ‘ಬೆಟ್ಟ ನಿನಗೆ, ತೋಟ ನನಗೆ’ ಎಂಬ ಪಾಲು ಕಾಗದದ ಮೇಲೂ ನಿಲ್ಲದು, ನೆಲದ ಮೇಲೂ ನಿಲ್ಲದು. ಯಾವ ತೋಟದವರು ಬೆಟ್ಟದ ಯಾವ ಭಾಗದಿಂದ ಸೊಪ್ಪು, ದರಗು (ಒಣ ಎಲೆ) ತರಬೇಕು ಎಂಬ ಅನುಭೋಗವನ್ನಷ್ಟೇ ಬರೆಯಬಹುದು.

ತೂಕ ಕಟ್ಟುವುದು

ಒಂದೆಕರೆಗೆ ಒಂದೆಕರೆ ಸಮವಲ್ಲ. 2.7 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಮರ ಬರುತ್ತವೆ. ನಿಮ್ಮ ತೋಟದಲ್ಲಿ ನಿಜವಾಗಿ ಫಸಲು ಕೊಡುವವು ಎಷ್ಟು ಎಂದು ಮರ ಎಣಿಸಿ. ಮುದಿಮರ, ಫಸಲು ಕೊಡುವ ಮರ, ಸಸಿ ಎಂದು ಮೂರು ಅಂಕಣ ಸಾಕು. ಎಲೆಚುಕ್ಕಿ, ಹಿಡಿಮುಂಡಿಗೆ ಬಿದ್ದ ಭಾಗಕ್ಕೆ ಬೇರೆ ಗುರುತು. ಐದು ವರ್ಷದ ಮಂಡಿಯ, ಸೊಸೈಟಿಯ ಪಟ್ಟಿ ತೆಗೆದು ತುಂಡುವಾರು ಸರಾಸರಿ ಕ್ವಿಂಟಾಲ್ ಹಾಕಿ. ಒಂದು ವರ್ಷದ ಲೆಕ್ಕ ನಂಬಬೇಡಿ, ಕೊಳೆ ಬಂದ ವರ್ಷವೂ ಬಾರದ ವರ್ಷವೂ ಒಂದೇ ತೋಟವನ್ನು ಎರಡು ತೋಟವಾಗಿ ತೋರಿಸುತ್ತವೆ.

ಉದಾಹರಣೆಗೆ, ಹಳೇ ತೋಟ ಒಂದೆಕರೆ, ಸರಾಸರಿ 9 ಕ್ವಿಂಟಾಲ್. ಗದ್ದೆ ಮುಚ್ಚಿ ಮಾಡಿದ ಹೊಸ ತೋಟ ಒಂದೂವರೆ ಎಕರೆ, ಈಗ 5 ಕ್ವಿಂಟಾಲ್. ಇವತ್ತಿಗೆ ಹಳೇದು ಭಾರ, ಹತ್ತು ವರ್ಷಕ್ಕೆ ಹೊಸದು. ಇಲ್ಲಿ ಎರಡು ದಾರಿ. ಹಳೇದನ್ನು ಪಡೆದವರು ಮೊದಲ ನಾಲ್ಕು ವರ್ಷ ವರ್ಷಕ್ಕೆ ಇಷ್ಟು ಎಂದು ಹಣ ಕೊಡುವುದು. ಇಲ್ಲವೇ ಎರಡನ್ನೂ ಅಡ್ಡ ಸೀಳಿ ಇಬ್ಬರಿಗೂ ಎರಡರಲ್ಲೂ ತುಂಡು ಕೊಡುವುದು. ಎರಡನೆಯದು ನ್ಯಾಯವೆಂದು ಕಾಣುತ್ತದೆ. ಆದರೆ ನೀರು, ದಾರಿ, ಬೇಲಿ ಎಲ್ಲ ಎರಡೆರಡಾಗಿ ಜಗಳದ ಗಡಿ ಉದ್ದವಾಗುತ್ತದೆ. ಸಾಧ್ಯವಾದಷ್ಟೂ ಒಬ್ಬರಿಗೆ ಒಂದೇ ಕಡೆ ಬರುವಂತೆ ಮಾಡಿ, ಹೆಚ್ಚುಕಡಿಮೆಯನ್ನು ಹಣದಲ್ಲಿ ಸರಿದೂಗಿಸುವುದು ಮೇಲು.

ಪಾಲು ಸಿದ್ಧವಾದ ಮೇಲೆ ಆರಿಸುವುದಕ್ಕೆ ಹಳೆಯ ರೂಢಿಯೇ ಸಾಕು: ಹಿರಿಯರು ಭಾಗ ಮಾಡಲಿ, ಕಿರಿಯರು ಮೊದಲು ಆರಿಸಲಿ. ಇಲ್ಲವೇ ದೇವರ ಮುಂದೆ ಚೀಟಿ. ಚೀಟಿ ಎತ್ತುವ ಮುಂಚೆ, ಎಲ್ಲ ಭಾಗವೂ ಸಮ ಎಂದು ಎಲ್ಲರ ಸಹಿ ಇರುವ ಹಾಳೆ ಇರಲಿ.

ನೀರು, ದಾರಿ, ಅಂಗಳ

ಪತ್ರದ ಅರ್ಧ ಇಲ್ಲೇ ಖರ್ಚಾಗಬೇಕು.

ನೀರಿನ ಸರದಿಯನ್ನು ‘ಬೆಳಿಗ್ಗೆ 6ರಿಂದ 12’ ಎಂದು ಗಡಿಯಾರಕ್ಕೆ ಕಟ್ಟಬೇಡಿ. ಪಂಪ್‌ಸೆಟ್ಟಿಗೆ ತ್ರೀಫೇಸ್ ಯಾವ ಹೊತ್ತಿಗೆ ಬರುತ್ತದೆ ಎಂಬುದು ಬದಲಾಗುತ್ತಲೇ ಇರುತ್ತದೆ, ಒಬ್ಬರ ಸರದಿ ಪೂರ್ತಿ ಕತ್ತಲಲ್ಲಿ ಹೋಗುತ್ತದೆ. ದಿನದ ಲೆಕ್ಕ ಇಡಿ. ಬರೆಯುವ ರೀತಿ ಹೀಗಿರಲಿ:

‘ಬಿ ಷೆಡ್ಯೂಲಿನಲ್ಲಿರುವ ಬಾವಿಯ ನೀರಿನಲ್ಲಿ ಎ ಷೆಡ್ಯೂಲಿನ ತೋಟಕ್ಕೆ ಅರ್ಧ ಹಕ್ಕಿದೆ. ನವೆಂಬರ್ 15ರಿಂದ ಮೇ 31ರವರೆಗೆ ದಿನ ಬಿಟ್ಟು ದಿನ ಸರದಿ. ಒಂದು ದಿನ ಪೂರ್ತಿ ತ್ರೀಫೇಸ್ ಬಾರದಿದ್ದರೆ ಆ ಸರದಿ ಮರುದಿನಕ್ಕೆ ಮುಂದುವರಿಯುತ್ತದೆ. ಮೋಟಾರ್, ಸ್ಟಾರ್ಟರ್, ಕೇಬಲ್, ಪೈಪಿನ ರಿಪೇರಿ ಖರ್ಚು ಸಮಪಾಲು. ಒಬ್ಬರು 15 ದಿನದೊಳಗೆ ಕೊಡದಿದ್ದರೆ ಇನ್ನೊಬ್ಬರು ಮಾಡಿಸಿ ರಸೀದಿ ಮೇಲೆ ವಸೂಲು ಮಾಡಬಹುದು. ಈ ಹಕ್ಕು ಜಮೀನಿಗೆ ಅಂಟಿಕೊಂಡಿದ್ದು, ಮುಂದೆ ಕೊಂಡವರಿಗೂ ಅನ್ವಯಿಸುತ್ತದೆ.’

ಬಾವಿ ಬತ್ತಿದರೆ ಏನು, ಹೊಸ ಬೋರ್‌ವೆಲ್ ಯಾರು ಎಲ್ಲಿ ಕೊರೆಸಬಹುದು, ಮೆಸ್ಕಾಂನ ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಯಾರ ಹೆಸರಿಗೆ ಎಂಬುದನ್ನೂ ಸೇರಿಸಿ. ಮೀಟರ್ ಒಂದೇ, ಹೆಸರು ಒಬ್ಬರದೇ. ಆ ಒಬ್ಬರು ಸಿಟ್ಟಿಗೆದ್ದು ಸಂಪರ್ಕ ಕಡಿಸಿದರೆ ಸರದಿಯ ಮಾತು ಅಲ್ಲಿಗೇ ಬಿತ್ತು. ಎರಡು ವರ್ಷದೊಳಗೆ ಇನ್ನೊಬ್ಬರು ಬೇರೆ ಸಂಪರ್ಕ ತೆಗೆದುಕೊಳ್ಳಲು ಒಪ್ಪಿಗೆ ಇರಲಿ.

ಬಸಿಗಾಲುವೆಗೆ ಅಗಲ, ಆಳ, ಹೋಗುವ ದಿಕ್ಕು, ಮೃಗಶಿರಾ ಮಳೆಗೆ ಮುಂಚೆ ಯಾರು ಹೂಳೆತ್ತಬೇಕು ಎಂಬ ನಾಲ್ಕು ವಿವರ ಬೇಕು. ಕೆಳಗಿನ ತೋಟದವರು ಕಾಲುವೆ ಮುಚ್ಚಿದರೆ ಮೇಲಿನ ತೋಟದ ಬೇರು ಕೊಳೆಯುತ್ತದೆ.

ದಾರಿಯ ವಿಷಯದಲ್ಲಿ ಒಂದು ಶಬ್ದ ಇಡೀ ಹಕ್ಕನ್ನು ಕೆಡಿಸಬಲ್ಲದು. ‘ಓಡಾಡಲು ಅನುಮತಿ ಇದೆ’, ‘ಅಭ್ಯಂತರವಿಲ್ಲ’ ಎಂದು ಬರೆದರೆ ಅದು ಬರೀ ಪರವಾನಗಿ, ಕೊಟ್ಟವರು ಸಾಮಾನ್ಯವಾಗಿ ಹಿಂತೆಗೆದುಕೊಳ್ಳಬಹುದು. ‘ಶಾಶ್ವತ ದಾರಿಯ ಹಕ್ಕು’ ಎಂದೇ ಬರೆಯಿರಿ. ಜೊತೆಗೆ ಅಗಲ (ಪಿಕಪ್ ಬರಬೇಕಾದರೆ 10 ಅಡಿಗೆ ಕಡಿಮೆ ಬೇಡ), ಎಲ್ಲಿಂದ ಎಲ್ಲಿಗೆ, ವಾಹನಕ್ಕೂ ಸೇರಿದೆಯೇ, ಮಣ್ಣು-ಜಲ್ಲಿ ಹಾಕಿಸುವ ಖರ್ಚು ಯಾರದು. ನಕ್ಷೆಯಲ್ಲಿ ಬಣ್ಣ ಹಾಕಿ ತೋರಿಸಿ.

ಅಡಿಕೆ ಒಣಗಿಸುವ ಅಂಗಳ, ಬೇಯಿಸುವ ಹಂಡೆ, ಸುಲಿಯುವ ಯಂತ್ರ, ಕೊಟ್ಟಿಗೆ: ‘ಎಲ್ಲರಿಗೂ ಸಾಮಾನ್ಯ’ ಎಂಬ ಪಟ್ಟಿ ಆದಷ್ಟು ಚಿಕ್ಕದಿರಲಿ. ಇಬ್ಬರ ಕೊಯ್ಲೂ ಒಂದೇ ವಾರ ಬರುತ್ತದೆ, ಅಂಗಳ ಒಂದೇ. ಮೂರು ಕೊಯ್ಲಿನವರೆಗೆ ಸರದಿ, ಆಮೇಲೆ ಅವರವರು ಮಾಡಿಕೊಳ್ಳುವುದು ಎಂದು ಅವಧಿ ಹಾಕಿ. ಮರದಲ್ಲಿರುವ ಈ ವರ್ಷದ ಫಸಲು ಯಾರದು, ಮೊದಲೇ ಚೇಣಿಗೆ (ಫಸಲು ಗುತ್ತಿಗೆಗೆ) ಕೊಟ್ಟಿದ್ದರೆ ಆ ಮುಂಗಡ ಯಾರ ಲೆಕ್ಕಕ್ಕೆ ಎಂಬುದು ಒಂದು ಸಾಲು. ಅದು ಬಿಟ್ಟುಹೋದರೆ ಮೊದಲ ಜಗಳ ಆರು ತಿಂಗಳಲ್ಲೇ.

ಚೌಡಿ, ಭೂತಪ್ಪ, ನಾಗರ ಬನ, ಮನೆದೇವರ ಪೂಜೆ ಪಾಲಾಗುವ ವಸ್ತುಗಳಲ್ಲ. ಜಾಗ ಯಾರ ಷೆಡ್ಯೂಲಿನಲ್ಲಿ ಬಿದ್ದರೂ ಎಲ್ಲರಿಗೂ ಪ್ರವೇಶ, ವರ್ಷಕ್ಕೊಬ್ಬರ ಸರದಿ, ಖರ್ಚಿನ ಹಂಚಿಕೆ ಬರೆಯಿರಿ. ಬನದ ಗುಂಟೆಯನ್ನು ಅಳತೆ ಮಾಡಿ ಪಾಲಿನಿಂದ ಹೊರಗಿಡುವುದು ಇನ್ನೂ ಒಳ್ಳೆಯದು.

ಅಮ್ಮನ ಪಾಲು

‘ತಾಯಿಯು ಜೀವಿತಾವಧಿವರೆಗೆ ಅನುಭವಿಸತಕ್ಕದ್ದು, ತದನಂತರ ಹಿರಿಯ ಮಗನಿಗೆ’ ಎಂಬ ಸಾಲು ಹಳೇ ಪಾಲುಪಟ್ಟಿಗಳಲ್ಲಿ ಸಾಮಾನ್ಯ. ಇದು ಅಂದುಕೊಂಡಂತೆ ಕೆಲಸ ಮಾಡದಿರಬಹುದು. ಜೀವನಾಂಶದ ಹಕ್ಕಿಗೆ ಪ್ರತಿಯಾಗಿ ಕೊಟ್ಟ ಆಸ್ತಿ, ಪತ್ರದಲ್ಲಿ ಮಿತಿ ಹಾಕಿದ್ದರೂ, ಹೆಂಗಸಿನ ಪೂರ್ಣ ಸ್ವತ್ತಾಗುತ್ತದೆ ಎಂದು ತುಳಸಮ್ಮ ಪ್ರಕರಣದಲ್ಲಿ 1977ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾದಾಗ ಅವರ ನಂತರ ಅದು ಎಲ್ಲ ಮಕ್ಕಳಿಗೂ, ಹೆಣ್ಣುಮಕ್ಕಳಿಗೂ ಹೋಗುತ್ತದೆ. ಹಿರಿಯ ಮಗ ಕೋರ್ಟಿಗೆ. ಪರಿಹಾರ ಸರಳ: ಅಮ್ಮನ ಪಾಲನ್ನು ಪೂರ್ಣ ಹಕ್ಕಿನಿಂದಲೇ ಕೊಡಿ, ಮುಂದೆ ಯಾರಿಗೆ ಎಂಬುದನ್ನು ಅವರು ತಮ್ಮ ವಿಲ್‌ನಲ್ಲಿ ಬರೆಯಲಿ.

ಅಮ್ಮ-ಅಪ್ಪ ತಮ್ಮ ಪಾಲನ್ನೂ ಮಗನಿಗೆ ದಾನಪತ್ರ ಮಾಡಿಕೊಡುವುದಾದರೆ ‘ಊಟ, ಔಷಧಿ, ಆರೈಕೆ ನೋಡಿಕೊಳ್ಳುವ ಷರತ್ತಿಗೆ ಒಳಪಟ್ಟು’ ಎಂದು ಪತ್ರದಲ್ಲೇ ಇರಬೇಕು. 2007ರ ಹಿರಿಯ ನಾಗರಿಕರ ಕಾಯ್ದೆಯ ಕಲಂ 23ರಡಿ ಅಂಥ ದಾನವನ್ನು ರದ್ದು ಮಾಡಿಸಲು ಉಪವಿಭಾಗಾಧಿಕಾರಿಗಳ ಮುಂದೆ ಹೋಗಬಹುದು. ಷರತ್ತು ಇತ್ತೆಂದು ತೋರಿಸಲಾಗದಿದ್ದರೆ ಆ ದಾರಿ ಕಷ್ಟ. ತಿಂಗಳ ಖರ್ಚನ್ನು ‘ಎಲ್ಲರೂ ಸೇರಿ ನೋಡಿಕೊಳ್ಳುವುದು’ ಎಂದು ಬರೆದರೆ ಯಾರೂ ನೋಡಿಕೊಳ್ಳುವುದಿಲ್ಲ. ಯಾರು, ಎಷ್ಟು, ಯಾವ ತಾರೀಕಿಗೆ, ಯಾವ ಖಾತೆಗೆ, ಆಸ್ಪತ್ರೆ ಖರ್ಚು ಬಂದರೆ ಯಾವ ಪ್ರಮಾಣ ಎಂದು ಬರೆಯಿರಿ.

ಸಾಲ ಮತ್ತು ಸರಿದೂಗಿಸುವ ಹಣ

ಸೊಸೈಟಿ, ಬ್ಯಾಂಕು, ಪಿಎಲ್‌ಡಿ ಬ್ಯಾಂಕಿನ ಸಾಲ ಪಹಣಿಯ 11ನೇ ಕಾಲಂನಲ್ಲಿ ಕಾಣುತ್ತದೆ. ಋಣಭಾರ ಪತ್ರವನ್ನೂ ತೆಗೆಸಿ. ಕೈಸಾಲ, ಮಂಡಿಯ ಮುಂಗಡ ಅಲ್ಲಿ ಕಾಣುವುದಿಲ್ಲ, ಪ್ರತಿಯೊಬ್ಬರಿಂದ ‘ಇದಲ್ಲದೆ ಬೇರೆ ಸಾಲ ಬಂದರೆ ಮಾಡಿದವರದೇ ಹೊಣೆ’ ಎಂದು ಬರೆಸಿ. ನೀವು ನೀವೇ ಸಾಲ ಹಂಚಿಕೊಂಡರೆ ಬ್ಯಾಂಕಿಗೆ ಅದು ಅನ್ವಯಿಸದು. ಒತ್ತೆಯಿರುವ ಜಮೀನಾದರೆ ಬ್ಯಾಂಕಿನ ಒಪ್ಪಿಗೆ ಪತ್ರ ಮೊದಲು.

ಕಂತಿನಲ್ಲಿ ಹಣ ಕೊಡುವ ಮಾತಾದರೆ ಅಡಿಕೆ ದರದ ಏರಿಳಿತ ಮರೆಯಬೇಡಿ. ರೂಪಾಯಿಯಲ್ಲಿ ನಿಗದಿ ಮಾಡುವುದು ಒಂದು ಕ್ರಮ. ‘2 ಕ್ವಿಂಟಾಲ್ ರಾಶಿ ಇಡಿಯ ಬೆಲೆ’ (ರಾಶಿ ಇಡಿ ಅಡಿಕೆಯ ಒಂದು ದರ್ಜೆ) ಎಂದಾದರೆ ಯಾವ ಮಾರುಕಟ್ಟೆ, ಯಾವ ದಿನ, ಕನಿಷ್ಠವೋ ಗರಿಷ್ಠವೋ ಸಾಮಾನ್ಯ ದರವೋ ಎಂದು ಬಿಡಿಸಿ ಬರೆಯಿರಿ. ಕಂತಿನ ದಿನ ಮಾರ್ಚ್ ಕೊನೆಗೆ ಇರಲಿ, ಆಗಸ್ಟಿನಲ್ಲಿ ತೋಟದ ಮನೆಯಲ್ಲಿ ಹಣ ಇರುವುದಿಲ್ಲ. ತಪ್ಪಿದರೆ ಬಡ್ಡಿ ಎಷ್ಟು, ಹಣ ತೀರುವವರೆಗೆ ಯಾವ ತುಂಡಿನ ಮೇಲೆ ಋಣಭಾರ ಎಂಬುದೂ ಇರಲಿ.

ಬರೆದು ನೋಂದಣಿ ಮಾಡಿಸುವುದು

ಪಂಚಾಯ್ತಿದಾರರ ಸಹಿ ಇರುವ ಛಾಪಾಕಾಗದದ ಪಾಲುಪಟ್ಟಿ ಊರಲ್ಲಿ ನಡೆಯುತ್ತದೆ, ಕೋರ್ಟಲ್ಲಿ ಬಹುಮಟ್ಟಿಗೆ ನಡೆಯುವುದಿಲ್ಲ. ಪತ್ರವೇ ಹಕ್ಕು ಸೃಷ್ಟಿಸುವುದಾದರೆ ನೋಂದಣಿ ಕಡ್ಡಾಯ, ಇಲ್ಲದಿದ್ದರೆ ಹಕ್ಕಿಗೆ ಸಾಕ್ಷ್ಯವಾಗದು. ಮುದ್ರಾಂಕ ಕಡಿಮೆಯಿದ್ದರೆ ಬಾಕಿಯ ಜೊತೆ ಹತ್ತು ಪಟ್ಟು ದಂಡ. ಹಿಂದೆಯೇ ಬಾಯಿಮಾತಲ್ಲಿ ಆದ ಪಾಲನ್ನು ನೆನಪಿಗೆ ಬರೆದಿಟ್ಟ ಪಟ್ಟಿಗೆ ನೋಂದಣಿ ಬೇಡ ಎಂದು 1976ರ ಕಾಳೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಿಜ. ಇವತ್ತು ಪಾಲು ಮಾಡಿ ಹಿಂದಿನ ದಿನಾಂಕದ ಪಟ್ಟಿ ಬರೆಯಲು ಅದನ್ನು ನೆಪ ಮಾಡಬೇಡಿ. ಕುಟುಂಬದೊಳಗಿನ ವಿಭಾಗಕ್ಕೆ ಮುದ್ರಾಂಕ ಶುಲ್ಕ ಆಸ್ತಿಬೆಲೆಯ ಶೇಕಡಾವಾರಲ್ಲ, ಪಾಲಿಗೆ ಇಷ್ಟು ಎಂಬ ನಿಗದಿ ಮೊತ್ತ. ಉಳಿಸಲು ಹೋಗುವಂಥ ಹಣವಲ್ಲ.

ಒಂದು ಸರ್ವೆ ನಂಬರನ್ನು ಒಡೆಯುವುದಾದರೆ 11ಇ ನಕ್ಷೆಗೆ (ಒಡೆದ ಭಾಗಗಳನ್ನು ತೋರಿಸುವ ಸರ್ವೆ ನಕ್ಷೆ) ಮೊದಲೇ ಅರ್ಜಿ ಹಾಕಿ. ಅಳತೆಗೆ ಬಂದಾಗ ಎಲ್ಲರೂ ತೋಟದಲ್ಲಿರಬೇಕು. ಕರಡಿನ ಚಕ್ಕುಬಂದಿಗೂ (ನಾಲ್ಕು ದಿಕ್ಕಿನ ಗಡಿ ವಿವರ) ನಕ್ಷೆಗೂ ತಾಳೆಯಾದ ಮೇಲೆಯೇ ಕರಡು ಅಂತಿಮ. ಮನೆ ಗ್ರಾಮಠಾಣದಲ್ಲಿದ್ದರೆ ಗ್ರಾಮ ಪಂಚಾಯ್ತಿಯ ಇ-ಸ್ವತ್ತಿನ ನಮೂನೆ 9 ಮತ್ತು 11 ಬೇಕು. ಸಹಿ ಹಾಕಿದ ದಿನದಿಂದ ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು; ಬೆಂಗಳೂರಲ್ಲೋ ವಿದೇಶದಲ್ಲೋ ಇರುವ ತಮ್ಮನ ಅಧಿಕಾರಪತ್ರವನ್ನು ಆ ಅವಧಿಯ ಒಳಗೆ ಹೊಂದಿಸಿಕೊಳ್ಳಿ.

ದಾವೆ ಈಗಾಗಲೇ ನಡೆಯುತ್ತಿದ್ದರೆ ಪಾಲಿನ ಪ್ರಕರಣ ಇರುವುದು ಸಿವಿಲ್ ಕೋರ್ಟಲ್ಲಿ. ಮಧ್ಯಸ್ಥಿಕೆ ಕೇಂದ್ರದಲ್ಲೋ ಲೋಕ ಅದಾಲತ್‌ನಲ್ಲೋ ರಾಜಿ ಮಾಡಿಕೊಳ್ಳಬಹುದು. ಲೋಕ ಅದಾಲತ್‌ನ ಆದೇಶಕ್ಕೆ ಮೇಲ್ಮನವಿಯಿಲ್ಲ, ಕಟ್ಟಿದ ನ್ಯಾಯಾಲಯ ಶುಲ್ಕವೂ ವಾಪಸು. ಅದಕ್ಕೇ ಮೇಲೆ ಹೇಳಿದ ನೀರು-ದಾರಿಯ ವಿವರ ರಾಜಿ ಅರ್ಜಿಯಲ್ಲೇ ಪೂರ್ತಿ ಇರಬೇಕು. ದಾವೆಯಲ್ಲಿ ಇಲ್ಲದ ಜಮೀನನ್ನು ರಾಜಿಯಲ್ಲಿ ಸೇರಿಸಿದರೆ ಆ ಭಾಗಕ್ಕೆ ನೋಂದಣಿ ಬೇಕಾಗುತ್ತದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ.

ನೋಂದಣಿ ಆದ ಮೇಲೆ

ಇಲ್ಲಿ ಕೈಬಿಟ್ಟವರು ಬಹಳ. ಖಾತೆ ಬದಲಾವಣೆ ಆಗಿ ಪಹಣಿಯ 9ನೇ ಕಾಲಂನಲ್ಲಿ ಬೇರೆ ಬೇರೆ ಹೆಸರು ಬಂತೇ, ಪೋಡಿಯಾಗಿ (ಸರ್ವೆ ನಂಬರ್ ಒಡೆದು) ಹಿಸ್ಸಾ ನಂಬರ್ (ಉಪಸಂಖ್ಯೆ) ಬಿತ್ತೇ ನೋಡಿ. ಖಾತೆ ಮಾಲೀಕತ್ವ ಕೊಡುವುದಿಲ್ಲ, ಹಕ್ಕು ಇರುವುದು ಪತ್ರದಲ್ಲಿ. ಆದರೆ ಖಾತೆ ಜಂಟಿಯಾಗಿಯೇ ಉಳಿದರೆ ಸಾಲ, ಬೆಳೆ ವಿಮೆ, ಪರಿಹಾರ ಪ್ರತಿಯೊಂದಕ್ಕೂ ಅಣ್ಣನ ಸಹಿಗೆ ಅಲೆಯಬೇಕು. ಗಡಿಕಲ್ಲನ್ನು ಮಳೆಗೆ ಮುಂಚೆ ಹುಗಿದು, ಕಲ್ಲಿನ ಪಕ್ಕ ಎಲ್ಲರೂ ನಿಂತ ಫೋಟೊ ತೆಗೆದಿಡಿ.

ಮುಂದೆ ಯಾರಾದರೂ ಮಾರುವುದಾದರೆ ಉಳಿದ ಪಾಲುದಾರರಿಗೆ ಮೊದಲು ಲಿಖಿತವಾಗಿ ತಿಳಿಸಿ, 60 ದಿನ ಕಾದು, ಅವರು ಅದೇ ಬೆಲೆಗೆ ಒಪ್ಪದಿದ್ದರೆ ಮಾತ್ರ ಹೊರಗಿನವರಿಗೆ ಎಂಬ ಷರತ್ತು ಪತ್ರದಲ್ಲಿರಲಿ. ಅವಧಿ ಹಾಕದೆ ‘ನಮಗೇ ಕೊಡಬೇಕು’ ಎಂದಷ್ಟೇ ಬರೆದರೆ ಅದು ಮಾರುವವರ ಕೈ ಕಟ್ಟುತ್ತದೆ, ಜಗಳ ಹುಟ್ಟಿಸುತ್ತದೆ. ಮೂಲ ಪತ್ರ ಯಾರ ಬಳಿ ಇರುತ್ತದೆ ಎಂದು ಬರೆಯಿರಿ, ಉಳಿದವರೆಲ್ಲರೂ ದೃಢೀಕೃತ ನಕಲನ್ನು ಅದೇ ವಾರ ತೆಗೆಸಿಕೊಳ್ಳಲಿ. ಪ್ರತಿ ಪಾಲುದಾರರೂ ತಮ್ಮ ಭಾಗಕ್ಕೆ ವಿಲ್ ಬರೆಯುವುದು, ಬ್ಯಾಂಕ್ ಮತ್ತು ಸೊಸೈಟಿ ಷೇರಿನ ನಾಮಿನಿ ಹೆಸರು ಬದಲಿಸುವುದು ಈ ಹೊತ್ತಿನಲ್ಲೇ ಆಗಬೇಕಾದ ಕೆಲಸ. ನಾಮಿನಿ ಎಂದರೆ ವಾರಸುದಾರ ಎಂದಲ್ಲ, ಹಣ ಪಡೆದು ವಾರಸುದಾರರಿಗೆ ಒಪ್ಪಿಸಬೇಕಾದ ವ್ಯಕ್ತಿ ಎಂಬುದು ಎಲ್ಲರಿಗೂ ಗೊತ್ತಿರಲಿ.